ಬೀಸುಕಲ್ಲಿನ ಹಾಡಿಗೊಂದು ಚಿತ್ರ

ವಿಜ್ಞಾನದ ಮಾಸ್ತರಿಗೂ ಹಾಡಿನ ವಿಡಿಯೋಗೂ ಎತ್ತಣಿಂದೆತ್ತಣ ಸಂಬಂಧ ಎಂದು ನಿಮ್ಮಲ್ಲಿ ಹಲವರು ನಗಬಹುದು. ನಕ್ಕರೆ ನನಗೇನೂ ಬೇಸರವಿಲ್ಲ. ಪ್ರವಾಸಕ್ಕೆ ಹೋದಾಗಲೆಲ್ಲ ನನ್ನ ಆಗ್ಫಾ ಕ್ಲಿಕ್ ಕ್ಯಾಮೆರಾದ ಎದುರು ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತವರು ನೀವೇ ಅಲ್ಲವೇ? ಒಂದು ರೀಲಿಗೆ ೧೨ ಚಿತ್ರ. ಗೋಲಗುಮ್ಮಟಕ್ಕೆ ಎರಡು, ಐಹೊಳೆಗೆ ನಾಲ್ಕು ಎಂದು ಹಿಂದಿನ ರಾತ್ರಿಯೇ ಹಂಚಿಕೊಂಡು ಹೊರಡುತ್ತಿದ್ದೆ. ಅದನ್ನು ನೆನಪಿಟ್ಟುಕೊಂಡಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿ. (ಹೆಸರು ಬರೆಯಬೇಡಿರೆಂದು ಹೇಳಿದ್ದಾಳೆ, ಆಕೆಯ ತರಗತಿಯವರಿಗೆ ಹೇಗೂ ತಿಳಿಯುತ್ತದೆ.) ಶಾಲೆಯ ಗ್ಯಾದರಿಂಗಿಗೆಂದು ಮಕ್ಕಳು ಒಂದು ಹಾಡಿನ ವಿಡಿಯೋ ಮಾಡಬೇಕೆಂದಿದ್ದಾರೆ, ನೀವು ನಾಲ್ಕು ದಿನ ಬಂದು ಕುಳಿತುಕೊಳ್ಳಿರಿ ಎಂದು ಆಕೆ ಫೋನು ಮಾಡಿದಳು. ನಾಲ್ಕು ದಿನವೆಂದದ್ದು ಐದು ವಾರವಾಯಿತು.

ಮಕ್ಕಳು ಐದು ಜನ, ಒಂಬತ್ತನೆಯ ಮತ್ತು ಹತ್ತನೆಯ ಇಯತ್ತೆಯವರು. ಅವರ ಮೊದಲ ಯೋಜನೆ ಒಂದು ಹೊಸ ಸಿನಿಮಾ ಹಾಡಿಗೆ ಕುಣಿತದ ಚಿತ್ರ ತೆಗೆಯುವುದಾಗಿತ್ತು. ಅಂಥ ಹಾಡಿನ ಧ್ವನಿಮುದ್ರಣಕ್ಕೆ ಒಬ್ಬ ಒಡೆಯನಿರುತ್ತಾನೆ, ಸಾಹಿತ್ಯಕ್ಕೂ ರಾಗಕ್ಕೂ ಬೇರೆ ಒಡೆಯರಿರುತ್ತಾರೆ. ನಮ್ಮ ದೇಶದ ಕಾನೂನಿನಂತೆ ಕವಿ ತೀರಿಕೊಂಡ ಮೇಲೂ ೬೦ ವರ್ಷ ಅವನ ಹಕ್ಕು ಉಳಿಯುತ್ತದೆ ಎಂದು ನಾನು ವಿವರಿಸಿದೆ. ಹುಡುಗರ ಮುಖ ಸಪ್ಪಗಾಯಿತು. ಆಗ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ, ಅದುವರೆಗೆ ಬಾಯಿ ತೆರೆಯದಿದ್ದವಳು, ತನ್ನ ಆಯಿ ಬೀಸುವಾಗ ಪದ ಹೇಳುತ್ತಾಳೆ, ಅದಕ್ಕೆ ಯಾರ ಹಕ್ಕೂ ಇಲ್ಲವಲ್ಲ ಎಂದಳು. ಆ ಮನೆಯಲ್ಲಿ ಬೀಸುಕಲ್ಲು ಇನ್ನೂ ಉಪಯೋಗದಲ್ಲಿದೆ. ಆಯಿಗೆ ಎಂಬತ್ತು ದಾಟಿದೆ. ಎರಡು ವರ್ಷದಿಂದ ಉಬ್ಬಸವಿದೆ.

ನಮ್ಮ ಭಾಗದವರಿಗೆ ಇದು ಹೊಸದಲ್ಲ. ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ೧೯೩೧ರಲ್ಲಿಯೇ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂದವು. ಮಾತು ಉಳಿಯಿತು, ಅದು ಸಣ್ಣ ಉಪಕಾರವಲ್ಲ. ಆದರೆ ಕಲ್ಲು ತಿರುಗುವ ಸಪ್ಪಳ, ಕಾಳು ಹಾಕುವಾಗಿನ ತಡೆ, ಉಸಿರು ತೆಗೆದುಕೊಳ್ಳುವ ಜಾಗ ಇವು ಅಚ್ಚಿನ ಮೊಳೆಗೆ ಸಿಕ್ಕುವಂಥವಲ್ಲ. ಮಕ್ಕಳ ಕೈಯಲ್ಲಿರುವ ಮೊಬೈಲಿಗೆ ಅವು ಸಿಕ್ಕುತ್ತವೆ. ಹಾಗೆಂದು ನನಗೆ ಅನಿಸಿದ ಮೇಲೆ ಊರಿಗೆ ಮರಳುವ ಮಾತನ್ನು ಬಿಟ್ಟೆ.

ಚಿತ್ರ ತೆಗೆಯುವ ಹೊಣೆ ಹೊತ್ತ ಹುಡುಗನಿಗೆ ಸಿನಿಮಾದ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಮೊದಲು ಹಾಡನ್ನು ಸದ್ದಿಲ್ಲದ ಕೋಣೆಯಲ್ಲಿ ಮುದ್ರಿಸಿಕೊಳ್ಳುವುದು, ಆಮೇಲೆ ಅದನ್ನು ಸ್ಪೀಕರಿನಲ್ಲಿ ಹಾಕಿ ಆಯಿ ತುಟಿ ಕೂಡಿಸುವಂತೆ ಮಾಡಿ ಹತ್ತು ಕಡೆಯಿಂದ ಚಿತ್ರ ತೆಗೆಯುವುದು. ಸಿನಿಮಾದ ಹಾಡುಗಳೆಲ್ಲ ಬಹುಮಟ್ಟಿಗೆ ಹಾಗೆಯೇ ಆಗುತ್ತವೆ. ಆಯಿಗೆ ಇದನ್ನು ಹೇಳಿದಾಗ ಆಕೆ ಸ್ವಲ್ಪ ಹೊತ್ತು ಅವನ ಮುಖ ನೋಡಿ, “ಒಮ್ಮೆ ಹಾಡಿದ್ದು ಮುಗೀತು. ಮತ್ತ ದನಿ ಇಲ್ದ ಬರೇ ಬಾಯಿ ಅಲ್ಲಾಡಿಸಂದ್ರ, ನಾ ಏನ್ ಮೂಕಿ ಏನೋ ತಮ್ಮಾ?” ಎಂದಳು. ತುಟಿ ಕೂಡಿಸುವ ಯೋಜನೆ ಅಲ್ಲಿಗೇ ನಿಂತಿತು.

ಅವನ ಎರಡನೆಯ ಆಸೆ ನಿಧಾನಗತಿ. “ಸರ್, ಪೂರಾ ಹಾಡು ಸ್ಲೋ ಮೋಶನ್‌ನ್ಯಾಗ ತಗಿಯೂಣ್ರೀ” ಎಂದ. ೧೯೭೨ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಒಂದು ಇಡೀ ಹಾಡನ್ನು ಹಾಗೆ ತೆಗೆದದ್ದನ್ನು ನಾನು ಹುಡುಗನಾಗಿದ್ದಾಗ ಬಾಯಿ ತೆರೆದು ನೋಡಿದ್ದೆ. ಆದ್ದರಿಂದ ಅವನನ್ನು ಬೈಯಲು ಮನಸ್ಸಾಗಲಿಲ್ಲ. ಬದಲು ಫಲಕದ ಮೇಲೆ ಲೆಕ್ಕ ಮಾಡಿದೆ. ಸಿನಿಮಾ ಸೆಕೆಂಡಿಗೆ ೨೪ ಚಿತ್ರಗಳಂತೆ ಓಡುತ್ತದೆ. ೪೮ರಂತೆ ತೆಗೆದು ೨೪ರಂತೆ ತೋರಿಸಿದರೆ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ. ತುಟಿಯೂ ಅರ್ಧ ವೇಗದಲ್ಲಿಯೇ ಆಡುತ್ತದೆ. ಅದು ಹಾಡಿಗೆ ಹೊಂದಬೇಕಾದರೆ ಚಿತ್ರ ತೆಗೆಯುವಾಗ ಹಾಡನ್ನು ಎರಡರಷ್ಟು ವೇಗದಲ್ಲಿ ನುಡಿಸಿ, ನಟನು ಅದೇ ವೇಗದಲ್ಲಿ ತುಟಿ ಆಡಿಸಬೇಕು. ನಟರು ಆಡಿಸಬಲ್ಲರು. ಉಬ್ಬಸದ ಮುದುಕಿಯಿಂದ ಅದನ್ನು ಕೇಳುವುದು ಹೇಗೆ? ಇನ್ನೊಂದು ತೊಡಕೂ ಇತ್ತು. ಈ ಹಾಡಿಗೆ ತಾಳ ಹಾಕುವುದು ಕಲ್ಲು. ಕಲ್ಲನ್ನು ನಿಧಾನ ಮಾಡಿ ತೋರಿಸಿದರೆ ಕಣ್ಣು ಕಾಣುವ ತಾಳ ಒಂದು, ಕಿವಿ ಕೇಳುವ ತಾಳ ಮತ್ತೊಂದು ಆಗುತ್ತದೆ. ಕೊನೆಗೆ, ಹಿಟ್ಟು ಉದುರುವ ಒಂದೇ ಒಂದು ಚಿತ್ರವನ್ನು ಮಾತ್ರ ನಿಧಾನ ಮಾಡಬಹುದೆಂದು ಒಪ್ಪಂದವಾಯಿತು.

ಒಂದು ವಾರ ಯಾರೂ ಕ್ಯಾಮೆರಾ ಮುಟ್ಟಬಾರದು, ಬರಿಯ ಕೇಳಬೇಕು ಎಂದು ಕಟ್ಟು ಮಾಡಿದೆ. ಹುಡುಗಿ ಒಂದು ಬೆಳಗಿನ ಜಾವ ಆಯಿಯ ಹಾಡನ್ನು ಫೋನಿನಲ್ಲಿ ಹಿಡಿದು ತಂದಳು. ಏಳು ನುಡಿ. ಕಲ್ಲು ಒಂದು ಸುತ್ತಿಗೆ ಸರಾಸರಿ ಒಂದೂ ಮುಕ್ಕಾಲು ಸೆಕೆಂಡಿಗಿಂತ ಕೊಂಚ ಕಡಿಮೆ, ಅಂದರೆ ನಿಮಿಷಕ್ಕೆ ೩೬ ಸುತ್ತು. ಮೊಬೈಲು ಸೆಕೆಂಡಿಗೆ ೩೦ ಚಿತ್ರ ತೆಗೆಯುವುದರಿಂದ ಸುತ್ತೊಂದಕ್ಕೆ ೫೦ ಚಿತ್ರ. ಸಂಕಲನ ಮಾಡುವ ಹುಡುಗನಿಗೆ ಈ ಐವತ್ತರ ಲೆಕ್ಕ ಬಹಳ ಹಿಡಿಸಿತು.

ಆದರೆ ಎಣಿಸುತ್ತ ಹೋದಂತೆ ಒಂದು ಸಂಗತಿ ಎದ್ದು ಕಂಡಿತು. ಪ್ರತಿಯೊಂದು ನುಡಿ ಮುಗಿದ ಮೇಲೂ ಆಯಿ ಸುಮ್ಮನಾಗುತ್ತಾಳೆ. ಕಲ್ಲು ಮಾತ್ರ ತಿರುಗುತ್ತದೆ. ಆರು ಸುತ್ತು, ಹತ್ತು ಸೆಕೆಂಡು. ಮತ್ತೆ ಹಾಡು ಎತ್ತುತ್ತಾಳೆ. ದಣಿವಾರಿಸಿಕೊಳ್ಳುತ್ತಾಳೆ ಎಂದು ಹುಡುಗರು ಹೇಳಿದರು. ದಣಿವಾಗಿದ್ದರೆ ಮೊದಲ ನುಡಿಗೂ ಏಳನೆಯ ನುಡಿಗೂ ವ್ಯತ್ಯಾಸ ಕಾಣಬೇಕಿತ್ತು. ಏಳೂ ಸಲ ಅದು ಆರು ಸುತ್ತೇ ಆಗಿತ್ತು. ಹುಡುಗಿ ನೆಲ ನೋಡುತ್ತ, ಅದು ಸಣ್ಣಾಯಿಯ ಜಾಗ ಎಂದಳು. ಸಣ್ಣಾಯಿ ಎಂದರೆ ಆಯಿಯ ನೆಗೆಣ್ಣಿ. ಐವತ್ತು ವರ್ಷಕ್ಕೂ ಮೇಲೆ ಇಬ್ಬರೂ ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಬೀಸಿದವರು. ಆಯಿ ನುಡಿ ಹೇಳಿದರೆ ಕೊನೆಯ ಸಾಲನ್ನು ಮರಳಿಸಿ ಹೇಳುವುದು ನೆಗೆಣ್ಣಿಯ ಪಾಲು. ಆಕೆ ಹೋಗಿ ನಾಲ್ಕು ವರ್ಷವಾಯಿತು. ಆ ಸಾಯಂಕಾಲ ಆಯಿಯನ್ನೇ ಕೇಳಿದೆ. “ಅದು ಆಕಿ ಪಾಳಿ ಮಾಸ್ತರ. ನಾ ಯಾಕ ಹಾಡ್ಲಿ?” ಎಂದು ಸಹಜವಾಗಿ ಹೇಳಿ ಜೋಳ ಕೇರುವುದನ್ನು ಮುಂದುವರಿಸಿದಳು. ಆ ಸಾಲನ್ನು ತಾನು ಹೇಳಲೇ ಎಂದು ಮೊಮ್ಮಗಳು ಕೇಳಿದ್ದಕ್ಕೆ, “ಮೊದ್ಲ ಬೀಸೂದು ಕಲಿ. ಕಲ್ಲು ತಿರುವಾಕ ಬಂದ್ರ ಹಾಡು ತಾನ ಬರ್ತೈತಿ” ಎಂಬ ಉತ್ತರ ಬಂದಿತು.

ಬಿ.ಎಡ್. ಮಾಡುವಾಗ ಹರ್ಬಾರ್ಟನ ಹಂತಗಳ ಪ್ರಕಾರ ಪಾಠ ಟಿಪ್ಪಣಿ ಬರೆದು ಬರೆದು ಕೈ ಸೋತದ್ದು ನನಗೆ ಈಗಲೂ ನೆನಪಿದೆ. ಆ ಟಿಪ್ಪಣಿಯ ಒಂದು ಗುಣ ಇಲ್ಲಿ ಕೆಲಸಕ್ಕೆ ಬಂದಿತು: ಎಡಕ್ಕೆ ಶಿಕ್ಷಕನ ಕ್ರಿಯೆ, ಬಲಕ್ಕೆ ವಿದ್ಯಾರ್ಥಿಯ ಕ್ರಿಯೆ. ಮಕ್ಕಳು ಒಂದು ಉದ್ದನೆಯ ಹಾಳೆಯಲ್ಲಿ ಎಡಕ್ಕೆ ಕೇಳಿಸುವುದನ್ನು ಸುತ್ತಿನ ಲೆಕ್ಕದಲ್ಲಿ ಬರೆದರು. ಬಲಕ್ಕೆ ಕಾಣಿಸಬೇಕಾದುದನ್ನು ಚಿತ್ರ ಬಿಡಿಸಿದರು. ನುಡಿಯ ಎದುರಿನ ಖಾನೆಗಳೆಲ್ಲ ಬೇಗ ತುಂಬಿದವು: ಮುಖ, ಕೈ, ಗೂಟ, ಕಾಳು, ಹಿಟ್ಟು. ಆ ಹತ್ತು ಸೆಕೆಂಡುಗಳ ಎದುರಿನ ಏಳು ಖಾನೆಗಳು ಮೂರು ದಿನ ಖಾಲಿ ಉಳಿದವು. ಒಬ್ಬನು ಹಾರುವ ಹಕ್ಕಿ ಎಂದ, ಮತ್ತೊಬ್ಬನು ಆರುವ ದೀಪ ಎಂದ. ಅವೆಲ್ಲ ಕ್ಯಾಲೆಂಡರಿನ ಚಿತ್ರಗಳು. ಸಣ್ಣಾಯಿ ಕುಳಿತುಕೊಳ್ಳುತ್ತಿದ್ದುದು ಎಲ್ಲಿ ಎಂದು ನಾನು ಕೇಳಿದೆ. ಕಲ್ಲಿನ ಆ ಬದಿ, ಗೋಡೆಗೆ ಬೆನ್ನು ಮಾಡಿ ಎಂದಳು ಹುಡುಗಿ. ಹಾಗಾದರೆ ಅದನ್ನೇ ತೋರಿಸಿರಿ ಎಂದೆ.

ಸಿನಿಮಾದಲ್ಲಿ ಇಬ್ಬರು ಮಾತಾಡುವುದನ್ನು ತೋರಿಸುವಾಗ ಇಬ್ಬರ ನಡುವೆ ನೆಲದ ಮೇಲೆ ಒಂದು ಗೆರೆ ಇದೆಯೆಂದು ಭಾವಿಸಿ, ಕ್ಯಾಮೆರಾವನ್ನು ಗೆರೆಯ ಒಂದೇ ಪಕ್ಕದಲ್ಲಿ ಇಡುತ್ತಾರೆ. ದಾಟಿದರೆ ಎದುರುಬದುರು ಇದ್ದವರು ಒಂದೇ ಕಡೆ ಮುಖ ಮಾಡಿದಂತೆ ಕಂಡು ನೋಡುವವನಿಗೆ ದಿಕ್ಕು ತಪ್ಪುತ್ತದೆ. ಇಲ್ಲಿ ಇರುವವಳು ಒಬ್ಬಳೇ. ಆದರೂ ಇಬ್ಬರಿದ್ದಾರೆಂದೇ ಲೆಕ್ಕ ಹಿಡಿದು, ಸುಣ್ಣದ ಕಡ್ಡಿಯಿಂದ ಆಯಿಯ ಜಾಗದಿಂದ ಎದುರಿನ ಖಾಲಿ ಜಾಗದವರೆಗೆ ಗೆರೆ ಎಳೆದೆವು. ಒಂದು ಮೊಬೈಲು ಬದಿಯಿಂದ ಇಡೀ ಕಲ್ಲನ್ನು ನೋಡುವುದು; ಇನ್ನೊಂದು ಗೆರೆಯ ಅದೇ ಪಕ್ಕದಲ್ಲಿ, ನೆಗೆಣ್ಣಿಯ ಜಾಗದ ಹತ್ತಿರದಿಂದ ಆಯಿಯ ಮುಖವನ್ನು ನೋಡುವುದು. ಹಾಡು ಮುಗಿದ ಮೇಲೆ ಈ ಎರಡನೆಯದನ್ನು ಆಯಿಯ ಭುಜದ ಹಿಂದಕ್ಕೆ ಒಯ್ದು, ಆಕೆ ಹಾಡದೆ ಬೀಸುವಾಗ ಎದುರಿನ ಖಾಲಿ ಜಾಗವನ್ನು ತೆಗೆಯುವುದು.

ಇನ್ನು ಧ್ವನಿ ಮತ್ತು ಬೆಳಕು. ನನಗೆ ನಿಜವಾದ ಸಂತೋಷ ಕೊಟ್ಟ ಭಾಗ ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕಲ್ಲಿನ ಸಪ್ಪಳ ಆಯಿಯ ದನಿಗಿಂತ ದೊಡ್ಡದು. ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ನೀವೆಲ್ಲ ಓದಿದ್ದೀರಿ, ಪರೀಕ್ಷೆಯಲ್ಲಿ ಬರೆದೂ ಇದ್ದೀರಿ. ಕೊರಳ ಹತ್ತಿರ, ಬಾಯಿಂದ ಒಂದು ಗೇಣಿನಲ್ಲಿ ಪುಟ್ಟ ಮೈಕು ಸಿಕ್ಕಿಸಿದರೆ, ಅದಕ್ಕಿಂತ ದೂರದ ಕಲ್ಲು ತಾನಾಗಿ ಹಿಂದೆ ಸರಿಯುತ್ತದೆ. ಅಷ್ಟಾದರೂ ಪಕ್ಕದ ಓಣಿಯ ಹಿಟ್ಟಿನ ಗಿರಣಿಯ ಸದ್ದು ಹೋಗಲಿಲ್ಲ. ಗಿರಣಿ ಬಂದೇ ಬೀಸುಕಲ್ಲುಗಳು ಹಿತ್ತಿಲು ಸೇರಿದ್ದು. ಈಗ ಹಾಡಿನ ಮೇಲೂ ಅದರ ಹಕ್ಕು! ಗಿರಣಿ ನಿಲ್ಲುವುದು ಕರೆಂಟು ಹೋದಾಗ. ಹೀಗಾಗಿ ಕರೆಂಟು ಇಲ್ಲದ ಹೊತ್ತನ್ನೇ ಆರಿಸಿಕೊಂಡೆವು. ಕರೆಂಟು ಇಲ್ಲವೆಂದರೆ ಫ್ಯಾನಿನ ಸದ್ದಿಲ್ಲ, ಟ್ಯೂಬ್‌ಲೈಟೂ ಇಲ್ಲ. ಅದೂ ಒಳ್ಳೆಯದೇ ಆಯಿತು. ನಮ್ಮ ವಿದ್ಯುತ್ತು ೫೦ ಹರ್ಟ್ಸಿನದು, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ೧೦೦ ಸಲ ಮಿನುಗುತ್ತದೆ; ಅದು ಕ್ಯಾಮೆರಾದ ವೇಗಕ್ಕೆ ಹೊಂದದಿದ್ದಾಗ ಚಿತ್ರದಲ್ಲಿ ಪಟ್ಟೆಗಳು ಏರಿಳಿಯುತ್ತವೆ.

ಹಾಗಾದರೆ ಬೆಳಕು ಎಲ್ಲಿಂದ? ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರ ಕಥೆಯನ್ನು ಮಕ್ಕಳಿಗೆ ಹೇಳಿದೆ. ಗುರುದತ್ತರ ‘ಕಾಗಜ್ ಕೆ ಫೂಲ್’ (೧೯೫೯) ಚಿತ್ರದಲ್ಲಿ, ಗೀತಾ ದತ್ತರ ದನಿಯ ಒಂದು ಹಾಡಿಗೆ, ಕತ್ತಲೆಯ ಸ್ಟುಡಿಯೋದೊಳಗೆ ಬೆಳಕಿನ ಒಂದು ಕಂಬವೇ ಇಳಿದು ಬರುತ್ತದೆ. ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿ ಅವರು ಅದನ್ನು ಸಾಧಿಸಿದರು. ೨೦೦೮ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಿತು. ಕಥೆ ಮುಗಿಯುವಷ್ಟರಲ್ಲಿ ಇಬ್ಬರು ಹುಡುಗರು ಅಲಮಾರಿನ ಬಾಗಿಲಿನ ಕನ್ನಡಿ ಬಿಚ್ಚಿ ತರಲು ಓಡಿದ್ದರು.

ಅಂಗಳದಲ್ಲಿ ಕನ್ನಡಿ, ಇಪ್ಪತ್ತು ಅಡಿ ಒಳಗೆ ಬೀಸುಕಲ್ಲು. ಸೂರ್ಯ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಅಷ್ಟು ದೂರದಲ್ಲಿ ಒಂದು ಡಿಗ್ರಿ ಎಂದರೆ ಹತ್ತು ಸೆಂಟಿಮೀಟರು. ಎಂಟು ನಿಮಿಷದಲ್ಲಿ ಬೆಳಕು ಹತ್ತಿರ ಹತ್ತಿರ ಒಂದು ಗೇಣು ಜಾರಿ ಆಯಿಯ ಮುಖ ಬಿಟ್ಟು ಹೋಗುತ್ತದೆ. ಕನ್ನಡಿಯನ್ನು ತಿರುಗಿಸಿದಷ್ಟರ ಎರಡರಷ್ಟು ಕಿರಣ ತಿರುಗುವುದರಿಂದ, ಸರಿಪಡಿಸಲು ಅರ್ಧ ಡಿಗ್ರಿ ಸಾಕು. ಕನ್ನಡಿ ಹಿಡಿದವನು ವಿಜ್ಞಾನದಲ್ಲಿ ಅಷ್ಟಕ್ಕಷ್ಟೇ ಇರುವ ಹುಡುಗ. ಅವನಷ್ಟು ಸ್ಥಿರವಾದ ಕೈ ಆ ತಂಡದಲ್ಲಿ ಮತ್ತಾರಿಗೂ ಇರಲಿಲ್ಲ. ಬೆಳಕು ಒಳಗೆ ಬಿದ್ದೊಡನೆ, ಗಾಳಿಯಲ್ಲಿದ್ದ ಜೋಳದ ಹಿಟ್ಟಿನ ಕಣಗಳೆಲ್ಲ ಹೊಳೆದು ಕಿರಣವೇ ಕಣ್ಣಿಗೆ ಕಂಡಿತು. “ಟಿಂಡಾಲ್ ಪರಿಣಾಮ!” ಎಂದು ಅವನೇ ಕೂಗಿದ. ನಾನು ಮೂವತ್ತು ವರ್ಷ ಹಾಲು ನೀರು ಬೆರೆಸಿ ಟಾರ್ಚು ಹಿಡಿದು ತೋರಿಸಿದ್ದು ಅದನ್ನೇ. ಇಷ್ಟು ಚೆನ್ನಾಗಿ ಎಂದೂ ತೋರಿಸಿರಲಿಲ್ಲ.

ಮೊಬೈಲಿನಲ್ಲಿ ರೀಲು ಮುಗಿಯುವುದಿಲ್ಲ, ಎಷ್ಟು ಬೇಕಾದರೂ ತೆಗೆಯಬಹುದು ಎಂದು ಮಕ್ಕಳು ಹೇಳುತ್ತಿದ್ದರು. ಆಯಿಯ ಉಸಿರೇ ನಮ್ಮ ರೀಲು ಎಂದು ನಾನು ಅವರಿಗೆ ಹೇಳಿದ್ದೆ. ಪೂರ್ತಿ ಹಾಡು ಒಂದೇ ಸಲ, ಆಕೆಗೇ ಮನಸ್ಸಾದರೆ ಎರಡನೆಯ ಸಲ, ಅಷ್ಟೇ. ಎರಡು ಮೊಬೈಲುಗಳೂ ಧ್ವನಿ ಹಿಡಿಯುವ ಮೂರನೆಯದೂ ಚಾಲೂ ಆದ ಮೇಲೆ ಹುಡುಗಿ ಎಲ್ಲರಿಗೂ ಕಾಣುವಂತೆ ಒಮ್ಮೆ ಚಪ್ಪಾಳೆ ತಟ್ಟಿದಳು. ಕೈ ಕೂಡಿದ ಚಿತ್ರವನ್ನೂ ಧ್ವನಿಯ ಗೆರೆಯಲ್ಲಿ ಚೂಪಾಗಿ ಎದ್ದ ಶಿಖರವನ್ನೂ ಜೋಡಿಸಿದರೆ ಮೂರೂ ಒಂದೇ ಹೊತ್ತಿಗೆ ಕೂಡುತ್ತವೆ. ಸಿನಿಮಾದವರ ಕ್ಲ್ಯಾಪ್ ಹಲಗೆಯ ಉದ್ದೇಶವೂ ಅದೇ. ಆಯಿ ಏಳು ನುಡಿಯನ್ನೂ ಹೇಳಿದಳು, ಐದೂಕಾಲು ನಿಮಿಷ. ನಾಲ್ಕನೆಯ ನುಡಿಯಲ್ಲಿ ಒಮ್ಮೆ ಕೆಮ್ಮಿದಳು, ಕಲ್ಲು ನಿಲ್ಲಲಿಲ್ಲ. ಎರಡನೆಯ ಸಲ ಹಾಡಲು ನಾವು ಕೇಳಲಿಲ್ಲ. ಚಹಾ ಕುಡಿದ ಮೇಲೆ ಹಾಡಿಲ್ಲದೆ ಬರಿಯ ಎರಡು ನಿಮಿಷ ಬೀಸಿಕೊಟ್ಟಳು. ಖಾಲಿ ಜಾಗದ ಚಿತ್ರ ಆಗ ಸಿಕ್ಕಿತು.

ಶಾಲೆಯ ಕಂಪ್ಯೂಟರಿನಲ್ಲಿ ‘ಶಾಟ್‌ಕಟ್’ ಎಂಬ ಬಿಟ್ಟಿ ತಂತ್ರಾಂಶದಲ್ಲಿ ಸಂಕಲನ ನಡೆಯಿತು. ಸಂಕಲನದ ಹುಡುಗ ಮೊದಲು ತಂದು ತೋರಿಸಿದ್ದು ನಾಲ್ಕು ನಿಮಿಷ ಐದು ಸೆಕೆಂಡಿನದು. ಏಳು ಮೌನಗಳನ್ನೂ ಕತ್ತರಿಸಿ ತೆಗೆದಿದ್ದ, ಕೆಮ್ಮನ್ನೂ ತೆಗೆದಿದ್ದ. ಹಾಳೆಯಲ್ಲಿ ಬರೆದದ್ದು ಹಾಗಿರಲಿಲ್ಲವಲ್ಲ ಎಂದರೆ, ಹತ್ತು ಸೆಕೆಂಡು ಏನೂ ನಡೆಯದಿದ್ದರೆ ಗ್ಯಾದರಿಂಗಿನಲ್ಲಿ ಸೀಟಿ ಹೊಡೆಯುತ್ತಾರೆ ಎಂದ. ಅವನ ಹೆದರಿಕೆ ಸುಳ್ಳಲ್ಲ. ಆ ಸಭಿಕರನ್ನು ನಾನೂ ಬಲ್ಲೆ. ಕೆಲಸವೂ ಅಚ್ಚುಕಟ್ಟಾಗಿತ್ತು, ಪ್ರತಿಯೊಂದು ತುಂಡೂ ತಾಳಕ್ಕೆ ಸರಿಯಾಗಿ ಬಿದ್ದಿತ್ತು. ಹುಡುಗಿ ಮಾತ್ರ, ಇದು ನಮ್ಮ ಆಯಿ ಹಾಡಿದ ಹಾಡಲ್ಲ ಎಂದು ಎದ್ದು ಹೊರಗೆ ಹೋದಳು. ಎರಡು ದಿನ ಅವರಿಬ್ಬರಲ್ಲಿ ಮಾತಿರಲಿಲ್ಲ.

ಮೂರನೆಯ ದಿನ ಅವನು ಮೌನಗಳನ್ನು ಮರಳಿ ಸೇರಿಸಿ ತಂದ. ಕಲ್ಲಿನ ಗೂಟ ಎದುರು ಬದಿಗೆ ಹೋದ ಕ್ಷಣದಲ್ಲಿಯೇ ಚಿತ್ರ ಬದಲಾಗಿ ಖಾಲಿ ಜಾಗ ಬರುತ್ತದೆ. ಚಲನೆಯ ನಡುವೆ ಕತ್ತರಿಸಿದ್ದರಿಂದ ಜೋಡಣೆ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿಂದ ಆಯಿಯ ಮುಖಕ್ಕೆ. ನೋಡಿದ ಅಧ್ಯಾಪಕಿಯೊಬ್ಬರು ಕಣ್ಣೊರೆಸಿಕೊಂಡರು. ಹುಡುಗಿಗೆ ಅದೂ ಒಪ್ಪಿಗೆಯಾಗಲಿಲ್ಲ. “ಸರ್, ಆಯಿ ಅಳಾಕತ್ತಿಲ್ರೀ. ಕಾಳು ಎಷ್ಟು ಉಳದಾವಂತ ನೋಡಾಕತ್ತಾಳ” ಎಂದಳು.

ರಷ್ಯದ ಚಿತ್ರನಿರ್ದೇಶಕ ಕುಲೆಶೊವ್ ನೂರು ವರ್ಷದ ಹಿಂದೆ ಒಂದೇ ಮುಖವನ್ನು ಬೇರೆ ಬೇರೆ ಚಿತ್ರಗಳ ಪಕ್ಕದಲ್ಲಿಟ್ಟು ತೋರಿಸಿದ್ದು ಇದನ್ನೇ. ಮುಖ ಬದಲಾಗದಿದ್ದರೂ ಪಕ್ಕದಲ್ಲಿರುವುದರಿಂದ ನೋಡುವವನು ಅದರಲ್ಲಿ ಹಸಿವನ್ನೋ ದುಃಖವನ್ನೋ ಓದುತ್ತಾನೆ. ಸಂಕಲನದ ಶಕ್ತಿ ಅದು. ಆದರೆ ಎದುರಿಗಿರುವುದು ನಟಿಯಲ್ಲ, ಅದೇ ಓಣಿಯಲ್ಲಿ ನಾಳೆಯೂ ನಡೆದಾಡಬೇಕಾದ ಒಬ್ಬ ಹೆಂಗಸು. ಆಕೆ ಅಳದ ಅಳುವನ್ನು ಆಕೆಯ ಮುಖಕ್ಕೆ ಹಚ್ಚುವ ಅಧಿಕಾರ ನಮಗಿಲ್ಲವೆಂದು ನಾನೂ ಹುಡುಗಿಯ ಪಕ್ಷ ಹಿಡಿದೆ. ಕಡೆಗೆ ಖಾಲಿ ಜಾಗದಿಂದ ಮುಖಕ್ಕೆ ಹೋಗದೆ, ಕಲ್ಲಿನ ಬಾಯಿಗೆ ಕಾಳು ಹಾಕುವ ಎಡಗೈಗೆ ಹೋಗುವುದೆಂದು ನಿರ್ಧಾರವಾಯಿತು. ಮುಂದಿನ ನುಡಿ ಎತ್ತಿದ ಮೇಲೆಯೇ ಮುಖ. ಕೆಮ್ಮೂ ಉಳಿಯಿತು. ಒಂದು ಸಾಲು ಕತ್ತರಿಸುವುದಕ್ಕೆ ಇಷ್ಟು ಚರ್ಚೆಯೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಐದು ಮಕ್ಕಳು ಒಂದು ವಾರ ಅದರ ಸಲುವಾಗಿ ಜಗಳಾಡಿದ್ದು ನನಗಂತೂ ಬಹಳ ಹಿತವೆನಿಸಿತು.

ಗ್ಯಾದರಿಂಗಿನ ರಾತ್ರಿ ಮೊದಲ ಮೌನಕ್ಕೆ ಹಿಂದಿನ ಸಾಲಿನಿಂದ ಎರಡು ಸೀಟಿ ಬಂದವು. ಎರಡನೆಯದಕ್ಕೆ ಒಂದು. ಮೂರನೆಯದರಲ್ಲಿ ಹೆಂಗಸರ ಕಡೆಯಿಂದ ಯಾರೋ ಸಣ್ಣ ದನಿಯಲ್ಲಿ ಆ ಬಿಟ್ಟ ಸಾಲನ್ನು ಹೇಳಿದರು. ನಾಲ್ಕನೆಯದರಲ್ಲಿ ಇನ್ನೂ ಇಬ್ಬರು ಕೂಡಿದರು. ಸಂಕಲನದ ಹುಡುಗ ನನ್ನ ಪಕ್ಕದಲ್ಲಿಯೇ ಕುಳಿತಿದ್ದ. ಅವನು ಪರದೆಯನ್ನು ಬಿಟ್ಟು ಹಿಂತಿರುಗಿ ಹೆಂಗಸರ ಕಡೆಯೇ ನೋಡುತ್ತಿದ್ದ.

ಆಯಿ ಬಂದಿರಲಿಲ್ಲ, ಚಳಿಗೆ ಉಬ್ಬಸ ಏರುತ್ತದೆ. ಶಾಲೆಯಲ್ಲಿ ತೋರಿಸಿರಿ, ಊರವರು ನೋಡಲಿ, ಕಂಡ ಕಂಡವರ ಮೊಬೈಲಿಗೆ ಕಳಿಸಬೇಡಿರಿ ಎಂದು ಮೊದಲೇ ಹೇಳಿದ್ದಳು. ಆದ್ದರಿಂದ ನೀವು ಯಾರೂ ನನ್ನನ್ನು ಕೇಳಬೇಡಿರಿ. ಮರುದಿನ ಮೊಮ್ಮಗಳು ಮನೆಯಲ್ಲಿ ಅದನ್ನು ತೋರಿಸಿದಾಗ ನಾನೂ ಇದ್ದೆ. ಆಯಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ, ಫೋನನ್ನು ಕಿವಿಯ ಹತ್ತಿರ ಹಿಡಿದು ಐದೂಕಾಲು ನಿಮಿಷವೂ ಕೇಳಿದಳು. ಹೇಗಿದೆ ಯವ್ವಾ ಎಂದು ಕೇಳಿದೆ.

“ಕಲ್ಲು ಸವದೈತಿ ಮಾಸ್ತರ. ಸಪ್ಪಳಾ ಕೇಳ್ರಿ. ಉಳಿ ಹಾಕಸ್ಬೇಕು.”

ಕಲ್ಲಿಗೆ ಉಳಿ ಹಾಕುವುದನ್ನು ಬಲ್ಲವರು ಸುತ್ತಲಿನ ಊರುಗಳಲ್ಲಿ ಈಗ ಒಬ್ಬರೇ ಉಳಿದಿದ್ದಾರಂತೆ. ಹುಡುಗಿ ಅವರನ್ನು ಹುಡುಕಿಸಿದ್ದಾಳೆ. ಬರುವ ಸಂತೆಯ ದಿನ ಬರುತ್ತೇನೆಂದು ಹೇಳಿ ಕಳಿಸಿದ್ದಾರೆ.